ಹಳೆಯ ಸರ್ಫ್‌ಬೋರ್ಡ್ ನೀರು ಕುಡಿದಿದೆಯಾ?

ಕಡಲ ಅಲೆಯ ಮೇಲೆ ನಿಂತು ಸವಾರಿ ಮಾಡುವ ಹಲಗೆಯೇ ಸರ್ಫ್‌ಬೋರ್ಡ್. ಸೆಕೆಂಡ್ ಹ್ಯಾಂಡ್ ಸರ್ಫ್‌ಬೋರ್ಡ್ ನೋಡಲು ಹೋದರೆ ಮೊದಲು ಅದನ್ನು ಎರಡೂ ಕೈಯಲ್ಲಿ ಎತ್ತಿ. ಬಣ್ಣ, ಚಿತ್ರ, ಕಂಪನಿ ಹೆಸರು ಎಲ್ಲ ಆಮೇಲೆ. ಅದೇ ಉದ್ದ, ಅದೇ ದಪ್ಪದ ಇನ್ನೊಂದು ಬೋರ್ಡ್ ಪಕ್ಕದಲ್ಲಿದ್ದರೆ ಅದನ್ನೂ ಎತ್ತಿ ನೋಡಿ. ಒಂದು ಯಾಕೋ ಜಾಸ್ತಿ ಭಾರ ಅನಿಸಿದರೆ ಅದರ ಹೊಟ್ಟೆಯಲ್ಲಿ ನೀರಿರಬಹುದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ಇಡೀ ಬೋರ್ಡೇ ಐದಾರು ಕಿಲೋ ಇರುವಾಗ ಇದು ಸಣ್ಣ ಮಾತಲ್ಲ.

ನೀರು ಒಳಗೆ ಹೋಗುವುದು ಹೇಗೆ? ಬೋರ್ಡಿನ ಒಳಗಿರುವುದು ಹಗುರವಾದ ಫೋಮ್. ಹೊರಗೆ ಫೈಬರ್‌ಗ್ಲಾಸ್ ಬಟ್ಟೆಗೆ ರೆಸಿನ್ ಎಂಬ ಅಂಟುದ್ರವ ಹಚ್ಚಿ ಗಟ್ಟಿ ಮಾಡಿದ ತೆಳುವಾದ ಚರ್ಮ. 1950ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಬಾಲ್ಸಾ ಮರ ಬಿಟ್ಟು ಪಾಲಿಯುರೆಥೇನ್ ಫೋಮ್ ಹಿಡಿದರು. ಆಮೇಲೆ ಜಗತ್ತೇ ಆ ದಾರಿಗೆ ಬಂತು. ಈಗ ಥರ್ಮಾಕೋಲ್ ಜಾತಿಯ ಫೋಮಿನ ಮೇಲೆ ಎಪಾಕ್ಸಿ ಎಂಬ ರೆಸಿನ್ ಹಚ್ಚಿದ ಬೋರ್ಡುಗಳೂ ಬೇಕಾದಷ್ಟಿವೆ. ಎರಡರಲ್ಲೂ ನೀರನ್ನು ತಡೆಯುವುದು ಆ ಚರ್ಮವೇ. ಅದರಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಸಾಕು.

ಬಿಸಿಲಲ್ಲಿಟ್ಟ ಬೋರ್ಡ್ ಕಾಯುತ್ತದೆ. ಒಳಗಿನ ಗಾಳಿ ಹಿಗ್ಗಿ ಬಿರುಕಿನಿಂದ ಸ್ವಲ್ಪ ಹೊರಗೆ ಹೋಗುತ್ತದೆ. ನಂತರ ಅದನ್ನು ತಣ್ಣಗಿನ ಕಡಲಿಗೆ ಇಳಿಸುತ್ತೀರಿ. ಗಾಳಿ ಕುಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಬಿರುಕು ನೀರನ್ನು ಹೀರುತ್ತದೆ. ಬೋರ್ಡ್ ಉಸಿರಾಡಿದ ಹಾಗೆ, ಆದರೆ ಒಳಗೆಳೆದುಕೊಳ್ಳುವುದು ಮಾತ್ರ ನೀರು. ದಿನವೂ ಒಂದೊಂದು ಗುಟುಕು. ಥರ್ಮಾಕೋಲಿನಲ್ಲಂತೂ ಕಾಳು ಕಾಳುಗಳ ನಡುವಿನ ಸಂದಿನಲ್ಲಿ ನೀರು ದೂರದವರೆಗೂ ಹರಿದುಹೋಗುತ್ತದೆ. ಬೇಗ ಹೊರಗೂ ಬರುವುದಿಲ್ಲ.

ಹಾಗಾಗಿ ಬೋರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದು, ಬಿರುಕು ಹುಡುಕುತ್ತಾ ಅಂಚುಗಳ ಮೇಲೆ ಬೆರಳಾಡಿಸಿ. ಬೋರ್ಡಿನ ಅಡಿಯಲ್ಲಿ ಮೀನಿನ ರೆಕ್ಕೆಯ ಹಾಗೆ ಚಾಚಿರುವ ಫಿನ್ ಕೂರುವ ಜಾಗವನ್ನು ಬಿಡಲೇಬೇಡಿ. ಫಿನ್ ನೆಲಕ್ಕೆ ಬಡಿದಾಗ ಸನ್ನೆಗೋಲಿನ ಹಾಗೆ ಬುಡವನ್ನೇ ಮೀಟುತ್ತದೆ, ಬಿರುಕು ಜಾಸ್ತಿ ಹುಟ್ಟುವುದೂ ಅಲ್ಲೇ. ಬಿರುಕಿನ ಸುತ್ತ ಕಂದು ಕಲೆ ಇದ್ದರೆ ನೀರು ಒಳಗೆ ಹೋಗಿದೆ ಎಂದೇ ತಿಳಿಯಿರಿ. ಬೋರ್ಡಿಡೀ ಹಳದಿಯಾಗಿದ್ದರೆ ಹೆದರಬೇಡಿ, ಅದು ಬಿಸಿಲಿನ ಕೆಲಸ. ಮೇಲ್ಭಾಗದಲ್ಲಿ ಹಿಮ್ಮಡಿ ಒತ್ತಿದ ಸಣ್ಣ ತಗ್ಗುಗಳಿದ್ದರೂ ಚಿಂತೆಯಿಲ್ಲ.

ಮಡಕೆ ಕೊಳ್ಳುವಾಗ ತಟ್ಟಿ ನೋಡುವ ಹಾಗೆ ಗೆಣ್ಣಿನಿಂದ ಉದ್ದಕ್ಕೂ ತಟ್ಟಿ. ಪೊಳ್ಳು ಸದ್ದು ಬಂದ ಕಡೆ ಹೆಬ್ಬೆರಳಿನಿಂದ ಒತ್ತಿ. ಮೆತ್ತಗೆ ಒಳಗೆ ಹೋದರೆ ಚರ್ಮ ಫೋಮಿನಿಂದ ಬಿಟ್ಟಿದೆ ಎಂದರ್ಥ. ಚರ್ಮ ಮತ್ತು ಫೋಮ್ ಅಂಟಿಕೊಂಡಿದ್ದಾಗ ಮಾತ್ರ ಬೋರ್ಡಿಗೆ ಬಲ. ಬೇರೆ ಬೇರೆಯಾದರೆ ಎರಡೂ ದುರ್ಬಲ. ಬೋರ್ಡಿನ ಅಡ್ಡಕ್ಕೆ ಮಡಿಕೆಯಂಥ ಗೆರೆ ಕಂಡರಂತೂ ವಾಪಸ್ ಬನ್ನಿ. ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಇನ್ನು ಗಾತ್ರ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಆರ್ಕಿಮಿಡೀಸ್ ಹೇಳಿದ ಹಾಗೆ, ಬೋರ್ಡ್ ಎಷ್ಟು ನೀರನ್ನು ಸರಿಸುತ್ತದೋ ಅಷ್ಟೇ ಭಾರ ಹೊರುತ್ತದೆ. ಒಂದು ಲೀಟರ್ ಕಡಲ ನೀರು ಸುಮಾರು 1.025 ಕಿಲೋ. 75 ಲೀಟರ್ ಬೋರ್ಡ್ ಪೂರ್ತಿ ಮುಳುಗಿದರೆ ಸುಮಾರು 77 ಕಿಲೋ ಎತ್ತುತ್ತದೆ. 70 ಕಿಲೋದವರು, 5 ಕಿಲೋ ಬೋರ್ಡ್, ಲೆಕ್ಕ ಸರಿಹೋಯಿತು ಅಲ್ವಾ? ಚೆನ್ನಾಗಿ ಕಲಿತವರು ಇದರ ಅರ್ಧದಷ್ಟು ಲೀಟರಿನ ಬೋರ್ಡಿನಲ್ಲೂ ಸಲೀಸಾಗಿ ಸವಾರಿ ಮಾಡುತ್ತಾರೆ, ಯಾಕೆಂದರೆ ವೇಗ ಬಂದ ಮೇಲೆ ಕೆಳಗೆ ಹರಿಯುವ ನೀರೇ ಬೋರ್ಡನ್ನು ಮೇಲೆತ್ತುತ್ತದೆ. ಕಲಿಯುವವರಿಗೆ ಇನ್ನೂ ಆ ವೇಗ ಸಿಕ್ಕಿರುವುದಿಲ್ಲ. ಅವರನ್ನು ತೇಲಿಸಬೇಕಾದದ್ದು ಬೋರ್ಡಿನ ಗಾತ್ರವೇ. ನಿಮ್ಮ ತೂಕ ಎಷ್ಟು ಕಿಲೋ ಇದೆಯೋ ಅದಕ್ಕಿಂತ ಕಡಿಮೆ ಲೀಟರಿನ ಬೋರ್ಡ್ ಶುರುವಿಗೆ ಬೇಡ. ಎಂಟು ಅಡಿಯ ಮೆತ್ತನೆ ಮೈಯ ಸಾಫ್ಟ್‌ಟಾಪ್ ಸಿಕ್ಕರೆ ನಾನಂತೂ ಅದನ್ನೇ ತಗೊಳ್ಳಿ ಎನ್ನುತ್ತೇನೆ. ಬಡಿದರೆ ಪೆಟ್ಟೂ ಕಡಿಮೆ. ಅಂಚಿನಲ್ಲಿ ಪದರ ಎದ್ದಿಲ್ಲ ತಾನೇ ಎಂದು ನೋಡಿಕೊಳ್ಳಿ, ಸಾಕು.

ಮೇಲೆ ನಿಂತು ಹುಟ್ಟು ಹಾಕುವ, ಗಾಳಿ ತುಂಬುವ ಪ್ಯಾಡಲ್‌ಬೋರ್ಡ್ ಆದರೆ ಅದರ ಮೇಲೆ ಬರೆದಿರುವಷ್ಟು ಒತ್ತಡಕ್ಕೆ, ಸಾಮಾನ್ಯವಾಗಿ 12ರಿಂದ 15 ಪಿಎಸ್‌ಐಗೆ (ಟೈರಿನ ಗಾಳಿ ಅಳೆಯುವ ಅದೇ ಅಳತೆ), ತುಂಬಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಸ್ವಲ್ಪ ಇಳಿದಿದ್ದರೆ ತಕ್ಷಣ ಸೋರಿಕೆ ಅನ್ನಬೇಡಿ. 30 ಡಿಗ್ರಿಯಿಂದ 20ಕ್ಕೆ ತಣ್ಣಗಾದರೆ ಸುಮ್ನೆ ಅದರಿಂದಲೇ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಅದಕ್ಕಿಂತ ಜಾಸ್ತಿ ಇಳಿದಿದ್ದರೆ ವಾಲ್ವಿಗೂ ಅಂಚಿನ ಜೋಡಣೆಗೂ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲೇ ತೂತು.

ಸಣ್ಣ ಬಿರುಕಿನ ಗಟ್ಟಿ ಬೋರ್ಡನ್ನು ರಿಪೇರಿ ಮಾಡಿಕೊಳ್ಳುವ ಯೋಚನೆಯಿದ್ದರೆ, ಒಳಗಿರುವುದು ಯಾವ ಫೋಮ್ ಎಂದು ಮಾರುವವರನ್ನು ಕೇಳಿಕೊಂಡೇ ಬನ್ನಿ. ಪಾಲಿಯೆಸ್ಟರ್ ಎಂಬ ಇನ್ನೊಂದು ಬಗೆಯ ರೆಸಿನ್‌ನಲ್ಲಿರುವ ಸ್ಟೈರೀನ್ ಎಂಬ ದ್ರವ ಥರ್ಮಾಕೋಲನ್ನು ಕರಗಿಸುತ್ತದೆ. ಬಿರುಕು ಮುಚ್ಚಲು ಹೋಗಿ ಅಲ್ಲೊಂದು ಗುಂಡಿ ಆಗುತ್ತದೆ. ಉತ್ತರ ಸಿಗದಿದ್ದರೆ ಎಪಾಕ್ಸಿಯನ್ನೇ ತನ್ನಿ, ಅದು ಎರಡೂ ಫೋಮಿಗೆ ಆಗುತ್ತದೆ. ಹಚ್ಚುವ ಮೊದಲು ಬಿರುಕು ಕೆಳಮುಖವಾಗಿ ಇರುವಂತೆ ಬೋರ್ಡನ್ನು ನೆರಳಲ್ಲಿಟ್ಟು, ಒಳಗಿನ ಕೊನೆಯ ಹನಿ ಇಳಿಯುವವರೆಗೂ ಕಾಯಿರಿ.