ಸಮುದ್ರದ ನಡುವೆ ಹತ್ತು ಲಕ್ಷ ಲೀಟರ್

ಐಷಾರಾಮಿ ಪ್ರವಾಸಿ ಹಡಗು ವಾರಗಟ್ಟಲೆ ಸಾಗುವಾಗ ಕೆಲವು ದಿನ ಬಂದರಿನಲ್ಲಿ ನಿಲ್ಲುತ್ತದೆ, ಕೆಲವು ದಿನ ಎಲ್ಲೂ ನಿಲ್ಲದೆ ಹೋಗುತ್ತಲೇ ಇರುತ್ತದೆ. ಹಾಗೆ ನಿಲ್ಲದ ದಿನಕ್ಕೆ ಹಡಗಿನವರು ‘ಸೀ ಡೇ’ ಅನ್ನುತ್ತಾರೆ. ಪ್ರಯಾಣಿಕರಿಗೆ ಅದು ಈಜುಕೊಳ, ಊಟ, ಸಂಗೀತ, ನಿದ್ದೆಯ ದಿನ. ಕೆಳಗಿನ ಎಂಜಿನ್ ಕೋಣೆಯವರಿಗೆ ನೀರು ತಯಾರಿಸಿ ತುಂಬಿಟ್ಟುಕೊಳ್ಳುವ ದಿನ. ಆ ಕೆಲಸ ಹೇಗೆ ನಡೆಯುತ್ತದೆ ಎಂದು ತಿಳಿಯಬೇಕಾದವರು ಯಾರಾದರೂ ಇದ್ದರೆ ಅದು ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದ ನಾವು.

3,000 ಪ್ರಯಾಣಿಕರು, 1,000 ಸಿಬ್ಬಂದಿ ಇರುವ ಹಡಗು ಎಂದಿಟ್ಟುಕೊಳ್ಳಿ. ಸ್ನಾನ, ಅಡುಗೆ, ಬಟ್ಟೆ ಒಗೆತ ಎಲ್ಲ ಸೇರಿ ಇಂಥ ಹಡಗಿನಲ್ಲಿ ತಲೆಗೆ ದಿನಕ್ಕೆ 200ರಿಂದ 300 ಲೀಟರ್ ಬೇಕು. 250 ಎಂದು ಹಿಡಿದರೆ ದಿನಕ್ಕೆ ಹತ್ತು ಲಕ್ಷ ಲೀಟರ್ ಆಯಿತು. ಬೇಸಿಗೆಯಲ್ಲಿ ಮುಳಬಾಗಿಲು, ಶ್ರೀನಿವಾಸಪುರದ ಬೀದಿಗಳಿಗೆ ಬರುವಂಥ 6,000 ಲೀಟರಿನ ಟ್ಯಾಂಕರಿನಲ್ಲಿ ತರಬೇಕೆಂದರೆ 166 ಲೋಡಿಗಿಂತ ಹೆಚ್ಚು. ಜಲ ಜೀವನ್ ಮಿಷನ್ ಹಳ್ಳಿಯವರಿಗೆ ಇಟ್ಟಿರುವ ಗುರಿ ತಲೆಗೆ 55 ಲೀಟರ್.

ಸ್ವಲ್ಪ ನೀರನ್ನು ಬಂದರಿನಲ್ಲಿ ಕೊಳ್ಳುತ್ತಾರೆ. ಹೆಚ್ಚಿನದನ್ನು ಸಮುದ್ರದ ನೀರಿನಿಂದಲೇ ಎರಡು ದಾರಿಯಲ್ಲಿ ಮಾಡಿಕೊಳ್ಳುತ್ತಾರೆ.

ಹಳೆಯ ದಾರಿ ಭಟ್ಟಿ ಇಳಿಸುವುದು. ಎಂಜಿನ್ ತಂಪಾಗಿಸಿ ಬರುವ ನೀರು 80ರಿಂದ 90 ಡಿಗ್ರಿ ಬಿಸಿಯಿರುತ್ತದೆ. ಆ ಶಾಖ ಹೇಗೂ ಪೋಲಾಗುವಂಥದ್ದು. ಅಷ್ಟರಲ್ಲಿ ನೀರು ಕುದಿಯುವುದಿಲ್ಲವಲ್ಲ ಎಂದರೆ, ಕುದಿಯುವಂತೆ ಮಾಡುತ್ತಾರೆ. ಕುಕ್ಕರಿನಲ್ಲಿ ಒತ್ತಡ ಏರಿಸಿ ಕುದಿಬಿಂದುವನ್ನು ಮೇಲಕ್ಕೆ ತಳ್ಳುತ್ತೇವೆ; ಇಲ್ಲಿ ಪಾತ್ರೆಯೊಳಗಿನ ಗಾಳಿಯನ್ನು ಹೀರಿ ಒತ್ತಡ ಇಳಿಸುತ್ತಾರೆ. ವಾತಾವರಣದ ಒತ್ತಡದ ಹತ್ತನೇ ಒಂದು ಭಾಗ ಉಳಿದಾಗ ನೀರು 46 ಡಿಗ್ರಿಗೇ ಕುದಿಯುತ್ತದೆ. ಆವಿಯನ್ನು ತಂಪು ಕೊಳವೆಗಳ ಮೇಲೆ ಹಾಯಿಸಿದರೆ ಸಿಹಿನೀರು. ಎಂಜಿನ್ ಜೋರಾಗಿ ಓಡುತ್ತಿದ್ದರೆ ಮಾತ್ರ ಶಾಖ ಸಾಕಾಗುತ್ತದೆ. ಹಡಗು ನಿಂತರೆ, ನಿಧಾನವಾದರೆ ನೀರೂ ಇಳಿಯುತ್ತದೆ.

ಇನ್ನೊಂದು ದಾರಿ ನಮ್ಮೂರಿನ ಫಿಲ್ಟರ್ ನೀರಿನ ಘಟಕದಲ್ಲಿ ದಿನವೂ ಕಾಣುವ ಆರ್‌ಒ (ರಿವರ್ಸ್ ಆಸ್ಮೋಸಿಸ್): ಒತ್ತಡ ಹಾಕಿ ನೀರನ್ನು ತೆಳು ಪೊರೆಯ ಮೂಲಕ ತಳ್ಳಿ ಉಪ್ಪನ್ನು ಹಿಂದೆ ಉಳಿಸುವುದು. 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ ಇದಕ್ಕೆ ಒಗ್ಗುವ ಪೊರೆಯನ್ನು ಮಾಡಿದರು. ಅದು ಊರಿನ ಬಳಕೆಗೆ ಮೊದಲು ಬಂದದ್ದು 1965ರಲ್ಲಿ, ಕ್ಯಾಲಿಫೋರ್ನಿಯಾದ ಕೋಲಿಂಗ ಎಂಬ ಸಣ್ಣ ಊರಿನಲ್ಲಿ. ಅಲ್ಲಿಯ ತೊಂದರೆ ಸಮುದ್ರದ್ದಲ್ಲ, ಉಪ್ಪಾದ ಅಂತರ್ಜಲದ್ದು.

ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ. ಪೊರೆಯ ಒಂದು ಕಡೆ ಉಪ್ಪುನೀರು, ಇನ್ನೊಂದು ಕಡೆ ಸಿಹಿನೀರು ಇಟ್ಟರೆ ಸಿಹಿನೀರೇ ಉಪ್ಪಿನ ಕಡೆಗೆ ಹರಿಯಲು ಹೊರಡುತ್ತದೆ. ಆ ಹರಿವನ್ನು ತಡೆದು ನಿಲ್ಲಿಸುವುದಕ್ಕೇ 27 ಬಾರ್ ಒತ್ತಡ ಬೇಕು (ಒಂದು ಬಾರ್ ಎಂದರೆ ಸುಮಾರು ವಾತಾವರಣದ ಒತ್ತಡದಷ್ಟು). ಹಿಂದಕ್ಕೆ ತಿರುಗಿಸಲು ಹಡಗಿನ ಪಂಪುಗಳು 55ರಿಂದ 65 ಬಾರ್ ಕೊಡುತ್ತವೆ. 60 ಬಾರ್ ಎಂದರೆ ಸುಮಾರು 2,000 ಅಡಿ ಆಳದಿಂದ ನೀರೆತ್ತಲು ಬೇಕಾಗುವ ಒತ್ತಡ.

ಇದನ್ನು ನಮ್ಮ ಬೋರ್‌ವೆಲ್ ಪಕ್ಕ ಇಟ್ಟು ನೋಡಿ. 1,200 ಅಡಿಯಿಂದ ಸಾವಿರ ಲೀಟರ್ ಎತ್ತಲು ಭೌತವಿಜ್ಞಾನದ ಲೆಕ್ಕದಲ್ಲಿ ಸರಿಯಾಗಿ ಒಂದು ಯೂನಿಟ್ ವಿದ್ಯುತ್ ಸಾಕು. ಮೋಟರು, ಪಂಪು ಎರಡರ ನಷ್ಟ ಸೇರಿ ಅದು ಎರಡು ಯೂನಿಟ್ ದಾಟುತ್ತದೆ. ಆ ನೀರನ್ನು ಘಟಕಕ್ಕೆ ಹಾಕಿ ಅರ್ಧವನ್ನು ವೇಸ್ಟ್ ಎಂದು ಚರಂಡಿಗೆ ಬಿಟ್ಟರೆ, ಕುಡಿಯಲು ಸಿಕ್ಕ ಸಾವಿರ ಲೀಟರಿಗೆ ನಾಲ್ಕು ಯೂನಿಟ್‌ಗೂ ಹೆಚ್ಚಾಯಿತು. ಘಟಕದ ಪಂಪಿನ ಖರ್ಚು ಬೇರೆ. ಹೊರಹೋಗುವ ಉಪ್ಪುನೀರಿನ ಒತ್ತಡವನ್ನು ಮರಳಿ ಬಳಸುವ ಒಳ್ಳೆಯ ವ್ಯವಸ್ಥೆಯಲ್ಲಿ ಸಮುದ್ರದ ನೀರನ್ನು ಸಾವಿರ ಲೀಟರಿಗೆ 3ರಿಂದ 4 ಯೂನಿಟ್‌ನಲ್ಲಿ ಸಿಹಿ ಮಾಡಬಹುದು. ಅಂದರೆ ಆಳದ ಬೋರ್‌ವೆಲ್‌ನಿಂದ ಬಂದ ನಮ್ಮ 20 ಲೀಟರಿನ ಕ್ಯಾನು, ಶಕ್ತಿಯ ಲೆಕ್ಕದಲ್ಲಿ ಸಮುದ್ರದ ನಡುವೆ ತಯಾರಾದ ನೀರಿಗಿಂತ ಅಗ್ಗವಲ್ಲ. ಕೆರೆ ತುಂಬಿ ಅಂತರ್ಜಲ ಮೇಲೆ ಬಂದ ಒಂದೊಂದು ಅಡಿಯೂ ಉಳಿತಾಯ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಲೆಕ್ಕ ಇಲ್ಲ.

ನೀರು ಮಾಡುವ ಕೆಲಸ ಸಾಮಾನ್ಯವಾಗಿ ಶುರುವಾಗುವುದು ದಡದಿಂದ 12 ನಾಟಿಕಲ್ ಮೈಲಿ, ಎಂದರೆ 22 ಕಿಲೋಮೀಟರ್ ದಾಟಿದ ಮೇಲೆ. ಬಂದರಿನ ನೀರಿನಲ್ಲಿ ಎಣ್ಣೆ, ಕೆಸರು, ಊರಿನ ಕೊಳಚೆ ಎಲ್ಲ ಇರುತ್ತವೆ. ಎಣ್ಣೆ ಒಮ್ಮೆ ಪೊರೆಗೆ ಹತ್ತಿದರೆ ಬಿಡಿಸುವುದು ಬಲು ಕಷ್ಟ. ತೆರೆದ ಕಡಲಿನ ನೀರನ್ನೂ ಮೊದಲು ಜಾಲರಿ, ಆಮೇಲೆ ಮರಳಿನ ಫಿಲ್ಟರು, ಕೊನೆಗೆ 5 ಮೈಕ್ರಾನ್ (ಮಿಲಿಮೀಟರಿನ ಇನ್ನೂರನೇ ಒಂದು ಭಾಗ) ಕಣವನ್ನೂ ತಡೆಯುವ ಫಿಲ್ಟರ್ ಕಾರ್ಟ್ರಿಜ್ ದಾಟಿಸಿಯೇ ಒತ್ತಡದ ಪಂಪಿಗೆ ಕೊಡುತ್ತಾರೆ. ಪಾಚಿ ಹೆಚ್ಚಾದ ಪಟ್ಟಿಯೊಳಗೆ ಹಡಗು ಹೊಕ್ಕರೆ ಕಾರ್ಟ್ರಿಜ್ ಬೇಗ ಕಟ್ಟಿಕೊಳ್ಳುತ್ತದೆ.

ತಯಾರಾದ ನೀರು ತೀರಾ ಸಪ್ಪೆ. ರುಚಿಯ ಮಾತು ಹಾಗಿರಲಿ, ಖನಿಜವಿಲ್ಲದ ನೀರು ಪೈಪಿನ ಲೋಹವನ್ನು ತಿನ್ನುತ್ತದೆ. ಅದಕ್ಕೆ ಸುಣ್ಣಕಲ್ಲಿನ ಹರಳುಗಳ ನಡುವೆ ಹರಿಸಿ ಸ್ವಲ್ಪ ಗಡಸು ಮಾಡಿ, ಕ್ಲೋರಿನ್ ಬೆರೆಸುತ್ತಾರೆ. ಈ ಕ್ರಮ ತಪ್ಪುವಂತಿಲ್ಲ. ಆರ್‌ಒ ಪೊರೆ ಪಾಲಿಅಮೈಡ್ ಎಂಬ ಪ್ಲಾಸ್ಟಿಕ್‌ನದು. ಕ್ಲೋರಿನ್ ಅದನ್ನು ಹಾಳುಮಾಡುತ್ತದೆ. ಮನೆಯ ಆರ್‌ಒ ಯಂತ್ರದಲ್ಲಿ ಕಾರ್ಬನ್ ಫಿಲ್ಟರನ್ನು ಸಕಾಲಕ್ಕೆ ಬದಲಿಸದಿದ್ದರೆ ನಲ್ಲಿ ನೀರಿನ ಕ್ಲೋರಿನ್ ನೇರವಾಗಿ ಪೊರೆಗೆ ತಗಲುವುದೂ ಹೀಗೆಯೇ.

ಹಡಗಿನ ಯಂತ್ರದಲ್ಲಿ ನೀರಿನ ವಿದ್ಯುತ್ ವಾಹಕತೆ ಅಳೆಯುವ ಮೀಟರು ಸದಾ ಓಡುತ್ತಿರುತ್ತದೆ. ಉಪ್ಪು ಮಿತಿ ಮೀರಿದ ಕ್ಷಣ ಕವಾಟ ತಿರುಗಿ ನೀರು ಟ್ಯಾಂಕಿಗೆ ಹೋಗದೆ ಹೊರಗೆ ಹೋಗುತ್ತದೆ. ಹಳ್ಳಿಯ ಘಟಕದಲ್ಲಿ ನೀರಿನಲ್ಲಿ ಕರಗಿದ ಉಪ್ಪು, ಖನಿಜಗಳನ್ನು ಅಳೆಯುವ ಟಿಡಿಎಸ್ ಮೀಟರೂ ಇದೇ ತತ್ವದ್ದು: 60 ತೋರಿಸುತ್ತಿದ್ದದ್ದು 200ಕ್ಕೆ ಏರಿದರೆ ಪೊರೆ ಹರಿದಿರಬಹುದು, ರಬ್ಬರಿನ ಉಂಗುರ ಸಡಿಲವಾಗಿರಬಹುದು. ಆದರೆ ಆ ಮೀಟರಿಗೆ ರೋಗಾಣು ಕಾಣುವುದಿಲ್ಲ, ಫ್ಲೋರೈಡನ್ನೂ ಅದು ಬೇರೆಯಾಗಿ ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಫ್ಲೋರೈಡಿಗೆ ಪ್ರತ್ಯೇಕ ಪರೀಕ್ಷೆ ಆಗಲೇಬೇಕು. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಾಗ 1.5ರವರೆಗೆ.

ಹಡಗಿನಲ್ಲಿ ಬೆಳಗ್ಗೆ ಸ್ನಾನದ ಹೊತ್ತು, ಸಂಜೆ ಊಟಕ್ಕೆ ಮುಂಚೆ ಬಳಕೆ ಒಮ್ಮೆಲೇ ಏರುತ್ತದೆ. ಪೈಪಿನ ಒತ್ತಡ ಥಟ್ಟನೆ ಬಿದ್ದಾಗ ಬಕೆಟ್ಟಿನ ಕೊಳಕಿನಲ್ಲಿ ಮುಳುಗಿಸಿಟ್ಟ ಹೋಸ್ ಪೈಪು ಆ ಕೊಳಕನ್ನೇ ಹಿಂದಕ್ಕೆ ಹೀರಿಕೊಳ್ಳಬಹುದು. ಹಾಗಾಗಿ ಅಂಥ ನಲ್ಲಿಗಳಿಗೆಲ್ಲ ಹಿಮ್ಮುಖ ಹರಿವು ತಡೆಯುವ ಕವಾಟ ಹಾಕಿರುತ್ತಾರೆ. ಬೀದಿ ನಲ್ಲಿಗೆ ನೇರವಾಗಿ ಮೋಟರು ಹಚ್ಚಿ ಎಳೆಯುವ ನಮ್ಮ ಊರುಗಳಲ್ಲಿ ಚರಂಡಿ ನೀರು ಪೈಪಿಗೆ ಸೇರುವುದು ಇದೇ ಕಾರಣಕ್ಕೆ.

ಉಳಿಸುವುದರಲ್ಲೂ ಹಡಗು ಗಟ್ಟಿ. ಗಾಳಿಯ ಎಳೆತದಿಂದ ನಡೆಯುವ ಶೌಚಾಲಯಕ್ಕೆ ಪ್ರತಿ ಸಲ ಒಂದು ಲೀಟರಿನ ಆಸುಪಾಸು ನೀರು ಸಾಕು. ಏಸಿಯಿಂದ ತೊಟ್ಟಿಕ್ಕುವ ನೀರನ್ನು ಎಷ್ಟೋ ಹಡಗುಗಳಲ್ಲಿ ಬಟ್ಟೆ ಒಗೆಯಲು ಬಳಸುತ್ತಾರೆ. ಹೊಸ ಹಡಗುಗಳು ಕೊಳಚೆಯನ್ನು ಬ್ಯಾಕ್ಟೀರಿಯಾ ಮತ್ತು ಸೂಕ್ಷ್ಮ ಪೊರೆಗಳಿಂದ ತಿಳಿಯಾಗಿಸುತ್ತವೆ. ಅಷ್ಟಾದರೂ ಅದನ್ನು ಕುಡಿಯುವ ಟ್ಯಾಂಕಿಗೆ ಸೇರಿಸುವುದಿಲ್ಲ. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿದ ಕೆ.ಸಿ. ವ್ಯಾಲಿ ನೀರು, ಎಂದರೆ ಬೆಂಗಳೂರಿನ ಕೊಳಚೆಯನ್ನು ಶುದ್ಧೀಕರಿಸಿ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಸುವ ನೀರು, ಎರಡು ಹಂತದ ಶುದ್ಧೀಕರಣವಷ್ಟೇ ಆದದ್ದು. ಅದು ಇಂಗಿ ಬೋರ್‌ವೆಲ್‌ಗಳಿಗೆ ಸೇರುವ ನೀರಾದ್ದರಿಂದ ಮೂರನೇ ಹಂತವೂ ಬೇಕೆಂದು ಜಿಲ್ಲೆಯ ಜನ ಕೇಳುತ್ತಿರುವುದು ನ್ಯಾಯ.

ಮರುದಿನದ ಬಂದರು ಹತ್ತಿರವಾದಾಗ ಆರ್‌ಒ ನಿಲ್ಲಿಸುತ್ತಾರೆ. ನಿಲ್ಲಿಸಿದ ಕೂಡಲೇ ಸಿಹಿನೀರು ಹಾಯಿಸಿ ಪೊರೆಯನ್ನು ತೊಳೆಯುತ್ತಾರೆ. ಶುದ್ಧೀಕರಣ ನಡೆಯುವಾಗ ಪೊರೆಯ ಬಳಿಯ ಉಪ್ಪು ಲೀಟರಿಗೆ 58 ಗ್ರಾಂವರೆಗೂ ಏರಿರಬಹುದು. ಅದನ್ನು ಹಾಗೇ ಬಿಟ್ಟರೆ ಗಸಿ ಕಟ್ಟುತ್ತದೆ, ಲೋಳೆ ಬೆಳೆಯುತ್ತದೆ. ಗಡಸು ನೀರಿನ ನಮ್ಮ ಘಟಕಗಳಿಗೂ ಇದು ಅಷ್ಟೇ ಮುಖ್ಯ. ರಾತ್ರಿ ಬೀಗ ಹಾಕುವ ಮುಂಚೆ ಹತ್ತು ನಿಮಿಷ ಶುದ್ಧ ನೀರು ಹಾಯಿಸಿ ನಿಲ್ಲಿಸಿದರೆ ಪೊರೆ ಹೆಚ್ಚು ಕಾಲ ಬಾಳುತ್ತದೆ. ಅಷ್ಟಕ್ಕೆ ಬೇಕಾಗುವ ನೀರನ್ನು ಘಟಕದಲ್ಲೇ ಒಂದು ಸಣ್ಣ ಟ್ಯಾಂಕಿನಲ್ಲಿ ಎತ್ತಿಟ್ಟಿರಬೇಕು. ಕರೆಂಟು ಯಾವಾಗ ಹೋಗುವುದೋ ಗೊತ್ತಿಲ್ಲದ ಕಡೆ ಆ ಟ್ಯಾಂಕನ್ನು ಎತ್ತರದಲ್ಲಿಟ್ಟರೆ ಪಂಪಿಲ್ಲದೆಯೂ ನೀರು ತಾನಾಗಿ ಇಳಿದು ಉಪ್ಪನ್ನು ತಕ್ಕಮಟ್ಟಿಗೆ ತೊಳೆದು ಹಾಕುತ್ತದೆ.