ಐದು ಸಾವಿರ ಗಜ ಎಸೆದವನನ್ನೂ ಎನ್‌ಎಫ್‌ಎಲ್ ಯಾಕೆ ಮೂಸಿ ನೋಡುವುದಿಲ್ಲ?

ಪ್ರಶ್ನೆ: ಮಗ ಟೆಕ್ಸಾಸ್‌ನಲ್ಲಿ ಓದುತ್ತಿದ್ದಾನೆ. ಅವನ ದೆಸೆಯಿಂದ ನನಗೂ ಅಮೆರಿಕನ್ ಕಾಲೇಜು ಫುಟ್‌ಬಾಲ್ ನೋಡುವ ಚಟ ಹತ್ತಿದೆ. ಸೀಸನ್ ಪೂರ್ತಿ ರಾಶಿ ರಾಶಿ ಟಚ್‌ಡೌನ್ (ಅಂಕ ತರುವ ಪಾಸ್) ಎಸೆದ ಹುಡುಗ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಆರನೆಯ, ಏಳನೆಯ ಸುತ್ತಿಗೆ ಬೀಳುತ್ತಾನೆ. ಯಾಕೆ ಅಂದರೆ ಎಲ್ಲರೂ ‘ಫಿಲ್ಮ್ ನೋಡಿ’ ಅನ್ನುತ್ತಾರೆ. ನಾವು ನೋಡಿದ್ದೂ ಅದೇ ಪಂದ್ಯ ತಾನೆ? ಅವರಿಗೆ ಕಾಣುವಂಥದ್ದು ನಮಗೇನು ಕಾಣಲಿಲ್ಲ?

ಉತ್ತರ: ಪಂದ್ಯ ಅದೇ, ಚಿತ್ರ ಬೇರೆ. ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುತ್ತದೆ. ತಂಡಗಳಿಗಾಗಿ ಆಟಗಾರರನ್ನು ಅರಸುವ ಸ್ಕೌಟುಗಳು ನೋಡುವುದು ‘ಆಲ್-22’. ಎತ್ತರದಿಂದ ತೆಗೆದ, 22 ಆಟಗಾರರೂ ಒಟ್ಟಿಗೆ ಕಾಣುವ ದೃಶ್ಯ ಅದು. ಅದೇ ಆಟ ಇನ್ನೊಮ್ಮೆ ಮೈದಾನದ ತುದಿಯ ಎಂಡ್‌ಝೋನ್ ಹಿಂದಿನ ಕ್ಯಾಮೆರಾದಿಂದ. ಕಾಮೆಂಟರಿ ಇಲ್ಲ, ಪ್ರೇಕ್ಷಕರ ಗದ್ದಲ ಇಲ್ಲ. ನೋಡಲು ಬಲು ಬೇಸರದ ವಸ್ತು.

ಅಂಕಿಅಂಶ ಯಾಕೆ ಸಾಲದು ಅನ್ನುವುದಕ್ಕೆ ನಿಮ್ಮ ಮಗನ ರಾಜ್ಯದಲ್ಲೇ ಒಳ್ಳೆಯ ಉದಾಹರಣೆ ಇದೆ. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಮೈಕ್ ಲೀಚ್ ಕೋಚ್ ಆಗಿದ್ದಾಗ, 2002ರಲ್ಲಿ ಕ್ಲಿಫ್ ಕಿಂಗ್ಸ್‌ಬರಿ 5,017 ಗಜ ಎಸೆದ, ಅಂದರೆ ಸೀಸನ್‌ನಲ್ಲಿ ಅವನ ಎಸೆತಗಳಿಂದ ತಂಡ ಒಟ್ಟು ಅಷ್ಟು ಗಜ ಗಳಿಸಿತು. ಅವನು ಹೋದ ಮೇಲೆ 2003ರಲ್ಲಿ ಬಿ.ಜೆ. ಸೈಮನ್ಸ್ ಬಂದು 5,833 ಗಜ ಎಸೆದ. ಆಮೇಲೆ ಸನ್ನಿ ಕಂಬಿ, ಕೋಡಿ ಹಾಜಸ್, ಗ್ರಹಾಂ ಹ್ಯಾರೆಲ್. ಹುಡುಗರು ಬದಲಾದರೂ ಗಜದ ಲೆಕ್ಕ ನಾಲ್ಕು ಸಾವಿರದ ಕೆಳಗೆ ಇಳಿಯಲಿಲ್ಲ. ಸೈಮನ್ಸ್‌ನನ್ನು ಏಳನೆಯ, ಅಂದರೆ ಕೊನೆಯ ಸುತ್ತಿನಲ್ಲಿ ತೆಗೆದುಕೊಂಡರು. ಹ್ಯಾರೆಲ್ ಹೆಸರನ್ನು ಡ್ರಾಫ್ಟ್‌ನಲ್ಲಿ ಯಾರೂ ಕರೆಯಲೇ ಇಲ್ಲ. ಇವರಲ್ಲಿ ಒಬ್ಬನೂ ಎನ್‌ಎಫ್‌ಎಲ್‌ನಲ್ಲಿ ಕಾಯಂ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಆಗಲಿಲ್ಲ. ಸಪಾಟು ಪಿಚ್ಚಿನಲ್ಲಿ ಇಡೀ ತಂಡವೇ ಶತಕ ಹೊಡೆದರೆ ಒಂದು ಶತಕಕ್ಕೆ ಎಷ್ಟು ಬೆಲೆ ಕಟ್ಟುತ್ತೀರಿ?

ಹಾಗಾಗಿ ಫಿಲ್ಮ್ ಹಾಕಿದವನು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ಕೋಚ್ ಮಾಡಿಕೊಟ್ಟಿದ್ದೆಷ್ಟು, ಈ ಹುಡುಗ ತಾನೇ ಮಾಡಿದ್ದೆಷ್ಟು?

ಒಂದು ಆಟ ತೆಗೆದುಕೊಳ್ಳಿ. ಮೂರನೆಯ ಡೌನ್ (ಹತ್ತು ಗಜ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ ಎಂಟು ಗಜ ಬೇಕು. ಎದುರಾಳಿಯ ಕೊನೆಯ ಕಾವಲುಗಾರರಾದ ಇಬ್ಬರು ಸೇಫ್ಟಿಗಳು ಹಿಂದೆ ಆಳದಲ್ಲಿ ನಿಂತಿದ್ದಾರೆ. ಸ್ನ್ಯಾಪ್ ಆಗುತ್ತಲೇ, ಅಂದರೆ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಗೆ ಬಂದು ಆಟ ಶುರುವಾಗುತ್ತಲೇ, ಒಬ್ಬ ಮುಂದೆ ನುಗ್ಗಿ ನಡುವಿನ ಜಾಗ ಮುಚ್ಚುತ್ತಾನೆ, ಇನ್ನೊಬ್ಬ ಮೈದಾನದ ಮಧ್ಯಕ್ಕೆ ಸರಿಯುತ್ತಾನೆ. ಕ್ವಾರ್ಟರ್‌ಬ್ಯಾಕ್ ಮೊದಲು ಎಸೆಯಬೇಕೆಂದಿದ್ದ ಕಡೆ ಈಗ ದಾರಿ ಇಲ್ಲ. ಇಲ್ಲಿ ಚಿತ್ರ ನಿಲ್ಲಿಸಿ ಅವನ ಹೆಲ್ಮೆಟ್ ನೋಡಿ. ಅದು ಎರಡನೆಯ ರಿಸೀವರ್ (ಚೆಂಡು ಹಿಡಿಯುವವನು) ಕಡೆ ತಿರುಗಿತೇ? ಕಾಲೂ ಜೊತೆಗೇ ತಿರುಗಿತೇ? ರಿಸೀವರ್ ಇನ್ನೂ ಬೆನ್ನು ಹಾಕಿ ಓಡುತ್ತಿರುವಾಗಲೇ ಚೆಂಡು ಕೈ ಬಿಟ್ಟಿತೇ, ಅಥವಾ ಅವನು ತಿರುಗಿ, ಸುತ್ತ ಯಾರೂ ಇಲ್ಲ ಅಂತ ಖಾತ್ರಿಯಾದ ಮೇಲೆ ಎಸೆದನೇ? ಎರಡೂ ಸಲ ಚೆಂಡು ಸೇರಬಹುದು, ಎರಡಕ್ಕೂ ಪಟ್ಟಿಯಲ್ಲಿ 14 ಗಜ ಎಂದೇ ಬರೆಯುತ್ತಾರೆ. ಆದರೆ ತಡವಾಗಿ ಎಸೆದದ್ದನ್ನು ರಿಸೀವರ್‌ನನ್ನು ಕಾಯುವ ಎನ್‌ಎಫ್‌ಎಲ್ ಕಾರ್ನರ್‌ಬ್ಯಾಕ್ ಅಡ್ಡ ಬಂದು ಹಿಡಿದುಬಿಡುತ್ತಾನೆ. ಸಕಾಲಕ್ಕೆ ಬಂದ ಚೆಂಡನ್ನು ರಿಸೀವರ್ ಕೈಚೆಲ್ಲಿದರೂ ಸ್ಕೌಟು ಕ್ವಾರ್ಟರ್‌ಬ್ಯಾಕ್‌ಗೆ ಪೂರ್ತಿ ಅಂಕ ಕೊಡುತ್ತಾನೆ. ಹೀಗೆ ಒಂದು ಪಂದ್ಯದ ಎಲ್ಲ ಆಟಗಳನ್ನೂ ಹಿಂದೆ ಮುಂದೆ ಮಾಡಿ ನೋಡಿದರೆ ಸಂಜೆಯೇ ಮುಗಿದುಹೋಗುತ್ತದೆ.

ನಿಯಮಗಳೂ ಸ್ವಲ್ಪ ಮೋಸ ಮಾಡುತ್ತವೆ. ಮೈದಾನದ ಉದ್ದಕ್ಕೆ ಎರಡು ಸಾಲು ಹ್ಯಾಶ್ ಗುರುತುಗಳಿವೆಯಲ್ಲ, ಕಾಲೇಜಿನಲ್ಲಿ ಅವುಗಳ ನಡುವೆ 40 ಅಡಿ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಚೆಂಡು ಹ್ಯಾಶ್ ಮೇಲಿದ್ದರೆ ಕಾಲೇಜಿನಲ್ಲಿ ಒಂದು ಬದಿಗೆ 60 ಅಡಿ, ಇನ್ನೊಂದು ಬದಿಗೆ 100 ಅಡಿ ಜಾಗ. ಅಷ್ಟಗಲ ಕಾಯಲು ಹೋಗಿ ಡಿಫೆನ್ಸ್ ತೆಳುವಾಗುತ್ತದೆ, ರಿಸೀವರ್‌ಗೆ ಪುಕ್ಕಟೆ ಜಾಗ ಸಿಗುತ್ತದೆ. ಅದು ಮುಂದೆ ಸಿಗುವುದಿಲ್ಲ. ಆದರೆ ಅದೇ ಅಗಲ ಒಂದು ಪರೀಕ್ಷೆಯೂ ಹೌದು: ಈ ಹ್ಯಾಶ್‌ನಿಂದ ಆಚೆ ಬದಿಯ ಗೆರೆಯ ಅಂಚಿಗೆ ಚೆಂಡು ಬಿರುಸಾಗಿ ಹೋಯಿತೋ, ತೇಲುತ್ತಾ ಹೋಯಿತೋ? ತೋಳಿನ ಬಲಕ್ಕೆ ಅಷ್ಟೇ ಸಾಕ್ಷಿ ಸಾಕು. ರಿಸೀವರ್ ವಿಚಾರಕ್ಕೆ ಬಂದರೆ, ಕಾಲೇಜಿನಲ್ಲಿ ಗೆರೆಯೊಳಗೆ ಒಂದು ಪಾದ ಊರಿದರೆ ಕ್ಯಾಚ್, ಎನ್‌ಎಫ್‌ಎಲ್‌ನಲ್ಲಿ ಎರಡೂ ಊರಬೇಕು. ಅಂಚಿನಲ್ಲಿ ಹಿಡಿಯುವಾಗ ಎರಡನೆಯ ಪಾದವನ್ನೂ ಎಳೆದು ತರುವ ಹುಡುಗನ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತಾರೆ.

ಕಾರ್ನರ್‌ಬ್ಯಾಕ್ ಕಥೆ ಇನ್ನೂ ವಿಚಿತ್ರ. ಅವನು ರಿಸೀವರ್‌ಗೆ ಅಂಟಿಕೊಂಡೇ ಇದ್ದರೆ ಅತ್ತ ಚೆಂಡೇ ಬರುವುದಿಲ್ಲ. ಟಿವಿಯಲ್ಲಿ ಅವನು ಕಾಣಿಸುವುದಿಲ್ಲ, ಅಂಕಿಅಂಶದಲ್ಲಿ ಸೊನ್ನೆ. ಆಲ್-22 ನೋಡಿದರೆ ಅದೇ ಅವನ ಅತ್ಯುತ್ತಮ ಪಂದ್ಯ ಆಗಿರಬಹುದು. ಲೈನ್‌ನಲ್ಲಿ ನಿಲ್ಲುವ ದಢೂತಿಗಳಿಗಂತೂ ಫಿಲ್ಮ್ ಬಿಟ್ಟರೆ ಬೇರೆ ಗತಿಯೇ ಇಲ್ಲ.

ಈಗ ಟೆಕ್ಸಾಸ್ ಟೆಕ್‌ಗೇ ಮರಳೋಣ, ಯಾಕೆಂದರೆ ಅಲ್ಲಿಂದಲೇ ಪ್ಯಾಟ್ರಿಕ್ ಮಹೋಮ್ಸ್ ಬಂದ. ಆ ಹೊತ್ತಿಗೆ ಕಿಂಗ್ಸ್‌ಬರಿಯೇ ಅಲ್ಲಿ ಹೆಡ್ ಕೋಚ್. 2016ರಲ್ಲಿ ಮಹೋಮ್ಸ್ 5,052 ಗಜ ಎಸೆದ, ತಂಡ 12ರಲ್ಲಿ ಏಳು ಪಂದ್ಯ ಸೋತಿತು. ‘ಇನ್ನೊಬ್ಬ ಟೆಕ್ ಹುಡುಗ’ ಎಂದು ತಳ್ಳಿಹಾಕುವುದು ಸುಲಭವಿತ್ತು. ಫಿಲ್ಮ್‌ನಲ್ಲಿ ದೋಷಗಳೂ ಕಣ್ಣಿಗೆ ರಾಚುತ್ತಿದ್ದವು: ಕಾಲಿಗೆ ಶಿಸ್ತಿಲ್ಲ, ಪಾಕೆಟ್ (ಲೈನ್‌ನವರು ಅವನ ಸುತ್ತ ಕಟ್ಟುವ ಕಾವಲು) ಗಟ್ಟಿಯಾಗಿದ್ದಾಗಲೂ ಹೊರಗೆ ಓಡುವ ಚಾಳಿ. ಆದರೆ ಹಾಕಿದ ಯೋಜನೆ ಮುರಿದುಬಿದ್ದ ಮೇಲೆ, ಓಡುತ್ತಾ, ಮೈ ಒಂದು ಕಡೆ ತೋಳು ಇನ್ನೊಂದು ಕಡೆ ಇದ್ದಾಗಲೂ ಅವನ ಚೆಂಡು ಗುರಿ ಮುಟ್ಟುತ್ತಿತ್ತು. ಅದನ್ನು ಯಾವ ಕೋಚೂ ಹಲಗೆಯ ಮೇಲೆ ಬರೆದುಕೊಟ್ಟಿರುವುದಿಲ್ಲ. ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಡ್ರಾಫ್ಟ್ ಸರದಿಯಲ್ಲಿ 27ನೆಯ ಸ್ಥಾನದಿಂದ 10ಕ್ಕೆ ಏರಲು ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯನ್ನೂ ಬಫಲೋ ತಂಡಕ್ಕೆ ಕೊಟ್ಟು ಅವನನ್ನು ತಂದುಕೊಂಡಿತು. ಒಂದು ವರ್ಷ ತನ್ನ ಆಗಿನ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಹಿಂದೆ ಕೂರಿಸಿತು. 2018ರಲ್ಲಿ ಅವನು 50 ಟಚ್‌ಡೌನ್ ಎಸೆದು ಎಂವಿಪಿ, ಅಂದರೆ ಲೀಗ್‌ನ ಅತ್ಯಮೂಲ್ಯ ಆಟಗಾರ, ಆದ.

ಫಿಲ್ಮ್ ಕೈಯಲ್ಲಿದ್ದ ಮಾತ್ರಕ್ಕೆ ಎಲ್ಲ ತಿಳಿದುಬಿಡುತ್ತದೆ ಎಂದಲ್ಲ. ಮುಂದೆ ಎನ್‌ಎಫ್‌ಎಲ್‌ನ ದಿಗ್ಗಜನಾದ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿ ಕಾಲೇಜಿನ ಕೊನೆಯ ಪಂದ್ಯದಲ್ಲಿ, 2000ದ ಆರೆಂಜ್ ಬೌಲ್‌ನಲ್ಲಿ, ಅಲಬಾಮಾ ವಿರುದ್ಧ ಎರಡು ಸಲ 14 ಅಂಕ ಹಿಂದೆ ಬಿದ್ದರೂ ಮಿಶಿಗನ್ ತಂಡವನ್ನು ಗೆಲ್ಲಿಸಿದ. ಆ ಪಂದ್ಯ ಎಲ್ಲ ತಂಡಗಳ ಕೈಯಲ್ಲೂ ಇತ್ತು. ಆದರೂ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದದ್ದು 199ನೆಯದಾಗಿ. ಮೈಕಟ್ಟು ಸಾಲದು, ಓಟ ನಿಧಾನ ಎಂಬ ಮಾತು ಕಣ್ಣಿಗೆ ಅಡ್ಡ ಬಂತು ಎಂಬುದು ನನ್ನ ಅಂದಾಜು. ಆಡಿ ತೋರಿಸಿದವನನ್ನು ಗಡಿಯಾರ ಹಿಡಿದು ತಿರಸ್ಕರಿಸುವ ಚಾಳಿ ಇವತ್ತಿಗೂ ಹೋಗಿಲ್ಲ.

ನೀವು ಶುರು ಮಾಡುವುದಾದರೆ ಹೈಲೈಟ್ಸ್ ಬದಿಗಿಡಿ, ಅದರಲ್ಲಿ ಎಲ್ಲರೂ ದೇವರುಗಳೇ. ಹುಡುಗ ಬಲವಾದ ಡಿಫೆನ್ಸ್ ಎದುರು ಸೋತ ಪಂದ್ಯ ಹುಡುಕಿ. ಟಿವಿ ದೃಶ್ಯವೇ ಆದರೂ ಸ್ನ್ಯಾಪ್ ಆದ ಮೊದಲ ಎರಡು ಸೆಕೆಂಡು ಚೆಂಡು ಮರೆತು ಅವನ ಹೆಲ್ಮೆಟ್ ಮತ್ತು ಕಾಲು ಮಾತ್ರ ನೋಡಿ. ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚೆಂಡು ಎಲ್ಲಿ ಹೋಗುತ್ತದೆಂದು ಎಸೆಯುವ ಮುನ್ನವೇ ಇಬ್ಬರೂ ಹೇಳಿ. ಪ್ರತಿ ಸಲವೂ ನಿಮ್ಮ ಊಹೆ ಸರಿಯಾಗುತ್ತಿದ್ದರೆ ಎದುರಿನ ಸೇಫ್ಟಿಗೂ ಅದು ಗೊತ್ತಿರುತ್ತದೆ.