ಪುಕ್ಕಟೆ ಸಿಕ್ಕ ಕಾಲಾಳು

ರಾಯಚೂರಿನ ಕಲ್ಯಾಣ ಮಂಟಪವೊಂದರಲ್ಲಿ ಏಪ್ರಿಲ್ ಬಿಸಿಲಿನ ಭಾನುವಾರ ಬ್ಲಿಟ್ಜ್ ಚೆಸ್ ಪಂದ್ಯಾವಳಿ. ಕರೆಂಟ್ ಹೋಗಿ ಫ್ಯಾನುಗಳು ನಿಂತವು. ಬ್ಯಾಟರಿಯ ಗಡಿಯಾರಗಳು ನಿಲ್ಲಲಿಲ್ಲ. ಒಬ್ಬೊಬ್ಬರಿಗೆ ಮೂರು ನಿಮಿಷ, ಪ್ರತಿ ನಡೆಗೆ ಎರಡು ಸೆಕೆಂಡು ಸೇರ್ಪಡೆ. ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್‌ನಲ್ಲೂ ಇದೇ ಲೆಕ್ಕ. ನನ್ನೆದುರು ಕೂತವನು ಏಳನೇ ತರಗತಿಯ ಹುಡುಗ.

ಬಿಳಿ ಕಾಯಿ ನನ್ನದು. ರಾಜರ ಮುಂದಿನ ಕಾಲಾಳುಗಳು ಎರಡೆರಡು ಮನೆ ನಡೆದವು, ಕುದುರೆಗಳು ಹೊರಬಂದವು, ನನ್ನ ಒಂಟೆ ಸಿ4ಕ್ಕೆ, ಅಂದರೆ ಸಿ ಸಾಲಿನ ನಾಲ್ಕನೇ ಮನೆಗೆ ಬಂತು. ಇಟಾಲಿಯನ್ ಓಪನಿಂಗ್. ಇಲ್ಲಿಯವರೆಗೆ ಇಬ್ಬರೂ ಯೋಚಿಸಿರಲಿಲ್ಲ, ಬರೀ ನೆನಪಿಸಿಕೊಂಡಿದ್ದೆವು. ಆಗ ಹುಡುಗ ತನ್ನ ಕುದುರೆಯನ್ನು ಡಿ4ಕ್ಕೆ ಹಾರಿಸಿದ. ಅದು ಕಾಯುತ್ತಿದ್ದ ಇ5ರ ಕಾಲಾಳು ಅನಾಥವಾಯಿತು.

ಬ್ಲಿಟ್ಜ್ ಆಡುವವರು ವೇಗವಾಗಿ ಯೋಚಿಸುತ್ತಾರೆ ಎಂಬುದು ಅರ್ಧ ಸತ್ಯ. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಆಟಗಾರರಿಗೆ ಐದು ಸೆಕೆಂಡು ಮಾತ್ರ ಹಾಸು ತೋರಿಸಿ, ಕಂಡದ್ದನ್ನು ಮತ್ತೆ ಜೋಡಿಸಲು ಹೇಳಿದರು. ನಿಜವಾದ ಆಟದ ಸ್ಥಿತಿಯನ್ನು ಮಾಸ್ಟರ್ ಬಹುಪಾಲು ಸರಿಯಾಗಿ ಜೋಡಿಸಿದ. ಕಾಯಿಗಳನ್ನು ಮನಬಂದಂತೆ ಚೆಲ್ಲಿಟ್ಟಾಗ ಅವನೂ ಹೊಸಬನಂತೆ ತಡವರಿಸಿದ. ನುರಿತವನ ಕಣ್ಣು ಬಿಡಿ ಕಾಯಿಗಳನ್ನಲ್ಲ, ಪರಿಚಿತ ಗುಂಪುಗಳನ್ನು ನೋಡುತ್ತದೆ.

ಆ ಪರಿಚಯವೇ ಕಣ್ಣು ಕಟ್ಟುವುದೂ ಉಂಟು. 2008ರಲ್ಲಿ ಬಿಲಾಲಿಚ್, ಮೆಕ್‌ಲಿಯಡ್, ಗೋಬೆ ಎಂಬ ಸಂಶೋಧಕರು ನುರಿತ ಆಟಗಾರರ ಕಣ್ಣಿನ ಚಲನೆಯನ್ನು ಅಳೆದರು. ಇನ್ನೂ ಒಳ್ಳೆಯ ನಡೆ ಹುಡುಕುತ್ತಿದ್ದೇವೆ ಎಂದು ಅವರು ಹೇಳುತ್ತಿದ್ದರು; ನೋಟ ಮಾತ್ರ ಮೊದಲು ಹೊಳೆದ ಉಪಾಯದ ಮನೆಗಳಲ್ಲೇ ಸುತ್ತುತ್ತಿತ್ತು. ಆ ಉಪಾಯವಾದರೂ ಏನು? ಸ್ವಂತ ಕಾಯಿಗಳ ನಡುವೆಯೇ ಸಿಕ್ಕಿಬಿದ್ದ ರಾಜನಿಗೆ ಕುದುರೆಯಿಂದ ಮೇಟ್, ಅಂದರೆ ತಪ್ಪಿಸಿಕೊಳ್ಳಲಾಗದ ಚೆಕ್, ಕೊಡುವುದು!

ಡಿ4ಕ್ಕೆ ಬಂದ ಹುಡುಗನ ಕುದುರೆಯನ್ನು ಹೊಡೆದಿದ್ದರೆ ಆಟ ನನ್ನ ಕಡೆಗೇ ವಾಲುತ್ತಿತ್ತು. ನಾನು ಪುಕ್ಕಟೆ ಕಾಲಾಳನ್ನು ಹೊಡೆದೆ. ಅವನ ಮಂತ್ರಿ ಜಿ5ಕ್ಕೆ ಬಂತು. ನನ್ನ ಕುದುರೆ ಎಫ್7ಕ್ಕೆ ಹಾರಿತು: ಒಂದೇ ಏಟಿಗೆ ಮಂತ್ರಿಯೂ ಆನೆಯೂ! ಮಂತ್ರಿ ಜಿ2ರ ಕಾಲಾಳನ್ನು ನುಂಗಿತು. ನನ್ನ ಆನೆ ಎಫ್1ಕ್ಕೆ ಸರಿಯಿತು. ಮಂತ್ರಿ ಇ4ರಲ್ಲಿ ನಿಂತು ಚೆಕ್ ಕೊಟ್ಟಿತು. ಒಂಟೆಯನ್ನು ಇ2ಕ್ಕೆ ತಂದು ಅಡ್ಡ ಇಟ್ಟೆ. ಅವನ ಕುದುರೆ ಎಫ್3ಕ್ಕೆ ಬಂತು, ಮೇಟ್. ಒಂಟೆ ಅದನ್ನು ಹೊಡೆಯುವಂತಿಲ್ಲ, ಸರಿದರೆ ರಾಜ ಬಯಲಾಗುತ್ತಾನೆ. ಮಿಕ್ಕ ಮನೆಗಳಲ್ಲೆಲ್ಲ ನನ್ನದೇ ಆಳುಗಳು.

ಹುಡುಗ ನಗಲಿಲ್ಲ, ಕಾಯಿ ಜೋಡಿಸತೊಡಗಿದ. ಗಡಿಯಾರದಲ್ಲಿ ನನ್ನ ಪಾಲಿಗೆ ಮೂರು ನಿಮಿಷ ನಾಲ್ಕು ಸೆಕೆಂಡು ಉಳಿದಿತ್ತು. ಆಟ ಶುರುವಾದಾಗ ಇದ್ದದ್ದಕ್ಕಿಂತ ಹೆಚ್ಚು.